ಸಹಾಯ ಬೇಕು: ಬೆರಳಿನ ಹಿಡಿತ ಇಲ್ಲದವರಿಗೆ ಆಗುವ ಮೌಸ್

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ನನ್ನ ಅಕ್ಕನ ಮಗ ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರನಾಗಿದ್ದ. ಹೋದ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದು ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಈಗ ವೀಲ್‌ಚೇರಿನಲ್ಲಿದ್ದಾನೆ. ತೋಳು, ಮಣಿಕಟ್ಟು ಎತ್ತುತ್ತಾನೆ, ಬೆರಳು ಮಡಚಲು ಆಗುವುದಿಲ್ಲ. ಪಿಯುಸಿಯಲ್ಲಿ ಕಾಮರ್ಸ್ ಓದಿದವನು, ಟ್ಯಾಲಿ ಕಲಿತು ಲೆಕ್ಕ ಬರೆದು ದುಡಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಶಿವಮೊಗ್ಗದಲ್ಲಿ ತರಬೇತಿಗೆ ಸೇರಿಸಿದ್ದೇವೆ.

ಅಂಗೈಗೆ ವೆಲ್ಕ್ರೋ ಪಟ್ಟಿ ಸುತ್ತಿ, ಅದರಲ್ಲಿ ಪೆನ್ಸಿಲ್ಲನ್ನು ತಲೆಕೆಳಗಾಗಿ ಸಿಕ್ಕಿಸಿ, ರಬ್ಬರ್ ತುದಿಯಿಂದ ಒಂದೊಂದೇ ಕೀ ಒತ್ತುತ್ತಾನೆ. ಕಂಟ್ರೋಲ್, ಆಲ್ಟ್ ಜತೆ ಇನ್ನೊಂದು ಕೀ ಒತ್ತುವ ಕಷ್ಟ ವಿಂಡೋಸ್‌ನ ಸ್ಟಿಕಿ ಕೀಸ್‌ನಿಂದ ತಪ್ಪಿತು. ಅದನ್ನು ಹಾಕಿಕೊಂಡರೆ ಎರಡು ಕೀ ಒಟ್ಟಿಗೆ ಹಿಡಿಯಬೇಕಿಲ್ಲ, ಒಂದಾದ ಮೇಲೊಂದು ಒತ್ತಿದರೆ ಸಾಕು. ಶಿಫ್ಟ್ ಐದು ಸಲ ಒತ್ತಿದರೆ ಬರುತ್ತದೆ, ಖರ್ಚಿಲ್ಲ, ಇಂಥವರು ಮನೆಯಲ್ಲಿದ್ದರೆ ದಯವಿಟ್ಟು ತೋರಿಸಿಕೊಡಿ. ಕನ್ನಡಕ್ಕೆ ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡುತ್ತಾನೆ, ಜೋರು ಮಳೆ ಬಂದರೆ ನೆಟ್‌ವರ್ಕೇ ಇರುವುದಿಲ್ಲ.

ಮೌಸ್ ಮಾತ್ರ ಆಗುತ್ತಿಲ್ಲ. ಅಂಗೈಯಿಂದ ತಳ್ಳಿದರೆ ಜಾರುತ್ತದೆ, ಕ್ಲಿಕ್ ಬೇರೆಲ್ಲೋ ಬೀಳುತ್ತದೆ. ಮೇಲ್ಗಡೆ ಉರುಳುವ ಗುಂಡು ಇರುವ ಟ್ರ್ಯಾಕ್‌ಬಾಲ್ ಎಂಬ ಮೌಸ್ ತಂದರೆ ಅದು ಇದ್ದಲ್ಲೇ ಇರುತ್ತದೆ, ಗುಂಡನ್ನು ಅಂಗೈಯಲ್ಲೇ ಉರುಳಿಸಬಹುದು. ದೊಡ್ಡ ಗುಂಡಿನದನ್ನು ಯಾರಾದರೂ ಬಳಸಿದ್ದೀರಾ? ಕೊಳ್ಳುವ ಮೊದಲು ಅವನ ಕೈಗೆ ಹೊಂದುತ್ತದಾ ನೋಡಬೇಕು, ನಾಲ್ಕು ದಿನಕ್ಕೆ ಕೊಟ್ಟರೆ ಜೋಪಾನವಾಗಿ ವಾಪಸ್ ಮುಟ್ಟಿಸುತ್ತೇವೆ.

ಶಿವಮೊಗ್ಗದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ, ಅದಕ್ಕೆ ಬೇಕಾದ ಸಾಧನ ಹೊಂದಿಸಿಕೊಡುವ ಚಿಕಿತ್ಸಕರು) ಗೊತ್ತಿದ್ದರೂ ತಿಳಿಸಿ. ಮೇಜಿನ ಎತ್ತರ, ತುಂಬ ಹೊತ್ತು ಕೂತು ಚರ್ಮ ಒತ್ತಿ ಹುಣ್ಣಾಗದಂತೆ ಕೂರುವ ಕುಶನ್, ಇದನ್ನೆಲ್ಲ ಅಂದಾಜಿನಲ್ಲಿ ಮಾಡಲು ಭಯವಾಗುತ್ತದೆ.

ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಆಗಿದೆ. ಕೆಲಸಕ್ಕೆ ಬೇಕಾದ ಇಂಥ ಸಾಧನವನ್ನು ಸರ್ಕಾರಿ ಯೋಜನೆಯಲ್ಲಿ ಪಡೆದವರಿದ್ದರೆ, ಏನೇನು ಕಾಗದ ಕೇಳಿದರು ಅಂತ ಕಾಮೆಂಟಿನಲ್ಲಿ ಬರೆಯಿರಿ.