ಕಣಗಿಲೆ ಎಲೆಯಡಿ ಬೆಳ್ಳಿ ಬಣ್ಣದ ಕೋಶ: ಯಾವ ಚಿಟ್ಟೆಯದು?

ಪ್ರಶ್ನೆ: ಸಕಲೇಶಪುರದ ಹತ್ತಿರ ಹೋಂಸ್ಟೇಯಲ್ಲಿದ್ದೇವೆ. ಅಂಗಳದ ಕಣಗಿಲೆ ಗಿಡದಲ್ಲಿ, ಎಲೆಯ ಕೆಳಗೆ, ಬೆಳ್ಳಿ ಬಣ್ಣದ ಕೋಶವೊಂದು ನೇತಾಡ್ತಿದೆ. ಮುಖ ಕಾಣುವಷ್ಟು ಹೊಳಪು. ಯಾವ ಚಿಟ್ಟೆ ಇದು? ನಾಳೆ ಹೊರಡಬೇಕು, ಮಗಳು ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ಒಯ್ಯೋಣ ಅಂತ ಹಟ ಹಿಡಿದಿದ್ದಾಳೆ. ಅನುಭವ ಇರುವವರು ಹೇಳಿ.

ಮೂಡಿಗೆರೆ ಕಡೆಯ ತೋಟದವರು: ಕಣಗಿಲೆ ಗಿಡ, ಬೆಳ್ಳಿ ಹೊಳಪು, ತಲೆಕೆಳಗಾಗಿ ನೇತಾಟ. ಮೂರೂ ಕೂಡಿದರೆ ಕಾಮನ್ ಕ್ರೋ ಅಂತ ಧೈರ್ಯವಾಗಿ ಹೇಳಬಹುದು. ಕಪ್ಪುಗಂದು ರೆಕ್ಕೆ, ಅಂಚಿಗೆ ಬಿಳಿ ಚುಕ್ಕೆ, ನೀವು ದಾರಿಯಲ್ಲೇ ಎಷ್ಟೋ ನೋಡಿರ್ತೀರಿ. ಇದರ ಹುಳು ಕಣಗಿಲೆ ಮಾತ್ರ ಅಲ್ಲ, ಆಲ, ಅತ್ತಿ, ನಾಮದ ಬೇರಿನ ಬಳ್ಳಿಯನ್ನೂ ತಿನ್ನುತ್ತೆ. ಗಿಡದಲ್ಲಿ ಹುಳು ಇನ್ನೂ ಉಳಿದಿದ್ಯಾ ಹುಡುಕಿ: ಮೈತುಂಬ ಅಡ್ಡ ಪಟ್ಟೆ, ಬೆನ್ನ ಮೇಲೆ ನಾಲ್ಕು ಜೊತೆ ಕಪ್ಪು ಎಳೆಗಳು ಎದ್ದು ನಿಂತಿರ್ತವೆ. ಸಿಕ್ಕಿದರೆ ಅನುಮಾನವೇ ಬೇಡ. ಕಣಗಿಲೆ ತಿನ್ನುವ ಇನ್ನೊಂದು ದಪ್ಪ ಹಸಿರು ಹುಳು ಇದೆ, ಅದು ಪತಂಗದ್ದು. ಅದು ಕೋಶವಾಗೋದು ನೆಲದ ತರಗೆಲೆಯೊಳಗೆ, ಹೀಗೆ ನೇತಾಡೋದಿಲ್ಲ.

ಹೊಳಪು ಬಣ್ಣದಿಂದ ಬಂದದ್ದಲ್ಲ. ಸಿಪ್ಪೆಯಲ್ಲಿ ಒಂದರ ಮೇಲೊಂದು ತೆಳು ಪಾರದರ್ಶಕ ಪದರಗಳಿವೆ, ಬೆಳಕು ಅಲ್ಲಿಂದ ಮರಳಿ ಬರುತ್ತೆ. ಚಿಟ್ಟೆ ಹೊರಟುಹೋಗಿ ಸಿಪ್ಪೆ ಒಣಗಿದರೆ ಬೆಳ್ಳಿಯೂ ಇಲ್ಲ, ಬಂಗಾರವೂ ಇಲ್ಲ. ಹಾಗಾಗಿ ನಿಮ್ಮದು ಖಾಲಿ ಸಿಪ್ಪೆಯಂತೂ ಅಲ್ಲ.

ಡಬ್ಬಿ ಬೇಡ ಕಣ್ರೀ. ಹೊರಬಂದ ಚಿಟ್ಟೆ ಮುದುಡಿದ ರೆಕ್ಕೆಯನ್ನು ಕೆಳಕ್ಕೆ ಇಳಿಬಿಟ್ಟು ಒಣಗಿಸಬೇಕು. ಜಾಗ ಸಾಲದಿದ್ದರೆ ಸೊಟ್ಟಗೇ ಗಟ್ಟಿಯಾಗುತ್ತೆ, ಆಮೇಲೆ ಯಾರೂ ನೆಟ್ಟಗೆ ಮಾಡೋಕಾಗಲ್ಲ. ರೆಂಬೆ ಮುರಿದು ಬಿದ್ದಿದ್ದರೆ ಮಾತು ಬೇರೆ: ಎಲೆಯ ಸಮೇತ ಎತ್ತಿ, ತೊಟ್ಟಿಗೆ ದಾರ ಕಟ್ಟಿ, ಅದೇ ಗಿಡದ ನೆರಳಲ್ಲಿ ತೂಗುಹಾಕಿ.

ಹಾಸನದ ಮೇಷ್ಟ್ರು: ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ, ಬಣ್ಣ ನೋಡಿ ಕೋಶ ಗುರುತಿಸೋದು ಎಲ್ಲ ಕಡೆ ನಡೆಯಲ್ಲ. ಕರಿಬೇವು, ನಿಂಬೆ ಗಿಡದ ಕಾಮನ್ ಮಾರ್ಮನ್ ಕೋಶ ಹಸಿರೂ ಇರುತ್ತೆ, ಕಂದೂ ಇರುತ್ತೆ, ಕೂತ ಜಾಗದ ಮೇಲೆ ಹೋಗುತ್ತೆ. ಮೊದಲು ನೋಡಬೇಕಾದ್ದು ಹೇಗೆ ಕಟ್ಟಿಕೊಂಡಿದೆ ಅನ್ನೋದು. ಬಾಲದ ತುದಿಯೊಂದರಿಂದಲೇ ತಲೆಕೆಳಗಾಗಿದ್ದರೆ ಕ್ರೋ, ಟೈಗರ್ ಚಿಟ್ಟೆಗಳ ಗುಂಪಿನ ಕಡೆ ಹುಡುಕಿ. ಮರಗಸಿ ಮಾಡುವವರು, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯುವವರು, ಸೊಂಟಕ್ಕೆ ಹಗ್ಗ ಬಿಗಿದು ಮರಕ್ಕೆ ಒರಗಿದ ಹಾಗೆ ನಡುವಿಗೆ ರೇಷ್ಮೆ ಎಳೆ ಸುತ್ತಿಕೊಂಡಿದ್ದರೆ ಮಾರ್ಮನ್, ಬರ್ಡ್‌ವಿಂಗ್, ಇಲ್ಲಾ ಬಿಳಿ-ಹಳದಿ ಚಿಟ್ಟೆಗಳು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೋಶವೂ ಹಾಗೇ, ಆದರೆ ಅದರ ಹುಳುವಿಗೆ ಈಶ್ವರಿ ಬಳ್ಳಿಯ ಜಾತಿಯೇ ಬೇಕು. ಗಿಡವನ್ನೂ ಪೂರ್ತಿ ನಂಬಬೇಡಿ. ಎಷ್ಟೋ ಹುಳುಗಳು ತಿಂದ ಗಿಡ ಬಿಟ್ಟು ಕಿಟಕಿಯ ಚೌಕಟ್ಟಿಗೋ ಬೇಲಿಗೋ ಹೋಗಿ ಕೋಶವಾಗ್ತವೆ.

ಚಿಕ್ಕಮಗಳೂರಿಂದ: ಕೋಶದ ಮೈಯಲ್ಲಿ, ಪಕ್ಕಕ್ಕೆ, ಸೂಜಿ ಚುಚ್ಚಿದಂಥ ಗುಂಡು ತೂತು ಇದೆಯಾ ನೋಡಿ. ಇದ್ದರೆ ಒಳಗಿದ್ದದ್ದನ್ನು ಪರಾವಲಂಬಿ ಕಣಜದ ಮರಿಗಳು ತಿಂದು ಹೊರಟಿವೆ. ಚಿಟ್ಟೆ ಬಂದಿದ್ದರೆ ತಲೆಯ ಕಡೆ ಸಿಪ್ಪೆ ಸೀಳಿರುತ್ತೆ.

ಪ್ರಶ್ನೆ ಕೇಳಿದವರು: ಹುಳು ಸಿಕ್ಕಿತು! ಪಟ್ಟೆ, ಕಪ್ಪು ಎಳೆ, ಎಲ್ಲ ಹಾಗೇ ಇದೆ. ತೂತು ಇಲ್ಲ. ಮಗಳು ಒಪ್ಪಿದ್ದಾಳೆ, ಆದರೆ ಹೋಂಸ್ಟೇ ಅಮ್ಮ ದಿನಾ ಫೋಟೊ ಕಳಿಸಬೇಕಂತೆ.

ತೋಟದವರು: ಹಾಗಾದರೆ ಅಮ್ಮನಿಗೆ ಹೇಳಿ, ಫ್ಲಾಶ್ ಹಾಕಬಾರದು, ಹೊಳಪಲ್ಲಿ ಏನೂ ಕಾಣಲ್ಲ. ಬೆಳ್ಳಿ ಮಾಸಿ ಒಳಗಿನ ಕಪ್ಪು ರೆಕ್ಕೆ ಕಾಣಿಸೋಕೆ ಶುರುವಾದರೆ ಮಾರನೇ ಬೆಳಿಗ್ಗೆ ಬೇಗ ಒಮ್ಮೆ ಗಿಡದ ಹತ್ತಿರ ಹೋಗಿ ನೋಡಲಿ.