ಕಕ್ಕಡದಿಂದ ಮದ್ಯ ಬಿಟ್ಟಿದ್ದೇನೆ: ಹಾಪ್ಸ್ ನೀರನ್ನು ಮನೆಯಲ್ಲಿ ಮಾಡುವುದು ಹೇಗೆ?

ಕರಿಮೆಣಸುಬಳ್ಳಿ, ನಾಪೋಕ್ಲು

ಕಕ್ಕಡ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು, ಹುಟ್ಟಿದ ದಿನದಿಂದ ಮದ್ಯ ಮುಟ್ಟಿಲ್ಲ. ಕೈಲ್ ಪೋಳ್ದ್ ಹಬ್ಬ ಮುಗಿಯುವವರೆಗೂ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ. ಯಾರೂ ಹೆದರಿಸಿದ್ದಲ್ಲ. ಮಳೆಗೆ ತೋಟದ ಕೆಲಸ ನಿಂತು, ಸಂಜೆಯಾಗುವ ಮೊದಲೇ ಕತ್ತಲು ಕವಿದು, ಗ್ಲಾಸು ತಾನಾಗಿಯೇ ಕೈಗೆ ಬರುವ ರೂಢಿ ಬೇಡವೆನಿಸಿತು.

ಅಮಲಿನ ಆಸೆ ಇಲ್ಲ. ನನಗೆ ಬೇಕಾಗಿರುವುದು ಬಿಯರಿನ ಕಹಿ. ಪ್ಯಾಷನ್ ಫ್ರೂಟ್ ಶರಬತ್ತು, ಅಂಗಡಿಯ ತಂಪು ಪಾನೀಯ ಎಲ್ಲವೂ ಸಿಹಿ. ಪಂದಿಕರಿಯ ಖಾರಕ್ಕೆ ಸಿಹಿ ಒಗ್ಗುವುದೇ ಇಲ್ಲ. ಬೆಂಗಳೂರಿನಲ್ಲಿರುವ ತಂಗಿಯ ಮಗ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಪುಡಿಮಾಡಿ ಒತ್ತಿದ ಪೆಲೆಟ್‌ನ (ಗುಳಿಗೆಯ) ಒಂದು ಪೊಟ್ಟಣ ತಂದುಕೊಟ್ಟಿದ್ದಾನೆ. ಮೇಲೆ ತಳಿಯ ಹೆಸರು ಕ್ಯಾಸ್ಕೇಡ್, ಕಹಿ ಕೊಡುವ ಆಲ್ಫಾ ಆಮ್ಲ ಶೇ. 6 ಎಂದಿದೆ. ಬಿಡಿಸಿದರೆ ಚಕ್ಕೋತದ ಸಿಪ್ಪೆಯ ಪರಿಮಳ! ಇದನ್ನು ಕುದಿಸಬೇಕೋ ನೆನೆಸಬೇಕೋ? ಹುಳಿಗೆ ನಿಂಬೆಯ ಬದಲು ಕಾಚಂಪುಳಿ ಆಗುತ್ತದೆಯೇ? ಹಬ್ಬಕ್ಕೆ ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಒಯ್ಯಬೇಕು, ಮಕ್ಕಳೂ ಇರುತ್ತಾರೆ. ಆದ್ದರಿಂದ ಅದರಲ್ಲಿ ಮದ್ಯಸಾರ ಹುಟ್ಟಲೇಬಾರದು.

ಏಲಕ್ಕಿಮಲೆ, ಸೋಮವಾರಪೇಟೆ

ಅಣ್ಣ, ಹಾಪ್ಸ್‌ನಲ್ಲಿ ಅಮಲಿಲ್ಲ. ಮಾಲ್ಟಿನ ಸಕ್ಕರೆಯನ್ನು ಯೀಸ್ಟ್ ತಿಂದಾಗ ಬಿಯರಿಗೆ ಅಮಲು ಬರುತ್ತದೆ. ಹಾಪ್ಸ್ ಕೊಡುವುದು ಕಹಿ ಮತ್ತು ಪರಿಮಳ. ಸಕ್ಕರೆ, ಯೀಸ್ಟ್ ಎರಡನ್ನೂ ಹಾಕದಿದ್ದರೆ ಹೆದರಬೇಕಾಗಿಲ್ಲ.

ದಯವಿಟ್ಟು ಕುದಿಸಬೇಡಿ. ಕುದಿಯುವ ನೀರಿನಲ್ಲಿ ಆಲ್ಫಾ ಆಮ್ಲ ರೂಪ ಬದಲಿಸಿ ಗಟ್ಟಿ ಕಹಿಯಾಗುತ್ತದೆ. ಬಿಯರಿನಲ್ಲಿ ಅದನ್ನು ತಡೆದುಕೊಳ್ಳಲು ಮಾಲ್ಟಿನ ಸಿಹಿ ಇದೆ, ಬರಿಯ ನೀರಿನಲ್ಲಿ ಏನಿದೆ? ಕಷಾಯವಾಗಿಬಿಡುತ್ತದೆ. ಚಕ್ಕೋತದ ಪರಿಮಳವೂ ಆವಿಯೊಂದಿಗೆ ಹೋಗುತ್ತದೆ.

ಅರ್ಧ ಲೀಟರ್ ನೀರನ್ನು ಕಾಯಿಸಿ ಇಳಿಸಿ, 75ರಿಂದ 80 ಡಿಗ್ರಿಗೆ ಬರಲು ಬಿಡಿ. ಮೊದಲು ಒಂದು ನಿಂಬೆಹಣ್ಣಿನ ರಸ ಹಿಂಡಿ, ಹಾಪ್ಸ್ ಅನಂತರ. ಹುಳಿ ನೀರಿಗೆ ಒರಟು ಕಹಿ ಅಷ್ಟಾಗಿ ಇಳಿಯುವುದಿಲ್ಲ, ಪಾನೀಯ ಬೇಗ ಕೆಡುವುದೂ ಇಲ್ಲ. 4 ಗ್ರಾಂ ಪೆಲೆಟ್ ಹಾಕಿ ಹದಿನೈದು ನಿಮಿಷ ಮುಚ್ಚಿಡಿ. ಪೆಲೆಟ್ ಕರಗಿ ಹಸಿರು ಕೆಸರಿನಂತಾಗುತ್ತದೆ. ತೆಳು ಬಟ್ಟೆಯಲ್ಲಿ ಒಮ್ಮೆ, ಕಾಫಿ ಸೋಸುವ ಕಾಗದದಲ್ಲಿ ಇನ್ನೊಮ್ಮೆ ಸೋಸಿ. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಹಸಿ ಹುಲ್ಲಿನ ರುಚಿ ಬರುತ್ತದೆ. ಫ್ರಿಜ್‌ನಲ್ಲಿಟ್ಟು, ಕುಡಿಯುವಾಗ ಒಂದು ಪಾಲಿಗೆ ಮೂರು ಪಾಲು ತಣ್ಣನೆಯ ಸೋಡಾ ಬೆರೆಸಿ. ಮೂರು ನಾಲ್ಕು ದಿನದೊಳಗೆ ಮುಗಿಸಿದರೆ ಪರಿಮಳ ಚೆನ್ನಾಗಿರುತ್ತದೆ. ಉಳಿದ ಪೆಲೆಟ್ ಅನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ಗೆ ಹಾಕಿ; ಗಾಳಿ ತಾಗಿದ ಹಾಪ್ಸ್ ಹಳೆಯ ಚೀಸ್‌ನ ವಾಸನೆ ಹೊಡೆಯುತ್ತದೆ.

ಕಾಚಂಪುಳಿ ಬೇಡ. ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕಾಯಿಸಿದ ಆ ಗಾಢ ಹುಳಿ ಪಂದಿಕರಿಗೇ ಇರಲಿ, ಇಲ್ಲಿ ಹಾಪ್ಸ್ ಅನ್ನು ನುಂಗಿಬಿಡುತ್ತದೆ. ಎರಡು ಏಲಕ್ಕಿ ಜಜ್ಜಿ ಹಾಕಿ ನೋಡಿ, ನನಗೆ ಬಹಳ ಇಷ್ಟ.

ಮುಖ್ಯವಾದ ಇನ್ನೊಂದು ಮಾತು: ಮನೆಯಲ್ಲಿ ವೈನ್ ಹಾಕುವ ಭರಣಿ, ಬಾಟಲಿಗಳನ್ನು ಇದಕ್ಕೆ ಬಳಸಬೇಡಿ. ಮೂಲೆಯಲ್ಲಿ ಯೀಸ್ಟ್ ಉಳಿದಿರುತ್ತದೆ. ಮಕ್ಕಳಿಗೆಂದು ಬೆಲ್ಲವನ್ನೋ ಜೇನನ್ನೋ ಬೆರೆಸಿ ಮುಚ್ಚಿ ಹೊರಗಿಟ್ಟರೆ ಹುಳಿಯಲು ಶುರುವಾಗಬಹುದು, ಬಾಟಲಿ ಸಿಡಿಯಲೂಬಹುದು. ಸಿಹಿ ಬೇಕಾದವರು ಗ್ಲಾಸಿನಲ್ಲೇ ಬೆರೆಸಿಕೊಳ್ಳಲಿ.

ಮಳೆಹಕ್ಕಿ, ಗೋಣಿಕೊಪ್ಪ

ಅಣ್ಣ, ನಿಮ್ಮ ಮನೆಯಲ್ಲಿ ನಾಯಿಗಳಿದ್ದರೆ ಸೋಸಿದ ಚರಟವನ್ನು ಹಿತ್ತಲಿಗಾಗಲಿ ಗೊಬ್ಬರದ ಗುಂಡಿಗಾಗಲಿ ಎಸೆಯಬೇಡಿ. ಹಾಪ್ಸ್ ತಿಂದ ನಾಯಿಗೆ ಮೈಬಿಸಿ ಹತೋಟಿ ಮೀರಿ ಏರುತ್ತದೆ, ಪ್ರಾಣವೇ ಹೋಗಬಹುದು. ತೋಟದ ನಾಯಿಗಳು ಗುಂಡಿ ಕೆದಕದೆ ಬಿಡುತ್ತವೆಯೇ? ಚೀಲದಲ್ಲಿ ಕಟ್ಟಿ ಮುಚ್ಚಳವಿರುವ ಡಬ್ಬಿಗೆ ಹಾಕಿ. ಹಾಪ್ಸ್‌ನಲ್ಲಿ ಸ್ತ್ರೀ ಹಾರ್ಮೋನಿನಂತೆ ವರ್ತಿಸುವ ಅಂಶವಿದೆ, ಆದ್ದರಿಂದ ಬಸುರಿಯರಿಗೆ ಕೊಡಬೇಡಿ. ಮಕ್ಕಳಿಗೂ ಶರಬತ್ತೇ ಸಾಕು.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು ಹೇಳಲೇಬೇಕು. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅಂಥವರು ಮೊದಲು ವೈದ್ಯರನ್ನು ಕಂಡು ಆಮೇಲೆ ಬಿಡಬೇಕು. ಬಿಯರಿನ ವಾಸನೆಯೇ ಆಸೆ ಕೆರಳಿಸುವುದಾದರೆ ಹಾಪ್ಸ್ ನೀರಿನ ತಂಟೆಯೂ ಬೇಡ.

ಕರಿಮೆಣಸುಬಳ್ಳಿ

ಇಬ್ಬರಿಗೂ ಕೃತಜ್ಞತೆಗಳು. ನಾಯಿಯ ವಿಷಯ ನನಗೆ ಗೊತ್ತೇ ಇರಲಿಲ್ಲ, ನಮ್ಮಲ್ಲಿ ಮೂರಿವೆ. ಹಾಪ್ಸ್ ಬಳ್ಳಿಯಂತೆ ಹಬ್ಬುವುದಾದರೆ ಮೆಣಸಿನ ಹಾಗೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಬಹುದೇ?

ಏಲಕ್ಕಿಮಲೆ

ಬಳ್ಳಿ ಬದುಕಬಹುದು ಅಣ್ಣ, ಆದರೆ ಹೂವಿನ ಮೇಲೆ ಭರವಸೆ ಇಡಬೇಡಿ. ಹಾಪ್ಸ್‌ಗೆ ಚಳಿಗಾಲದಲ್ಲಿ ಒಳ್ಳೆಯ ಚಳಿ, ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆ ದಾಟುವುದಿಲ್ಲ. ಭಾರತದಲ್ಲಿ ಅದನ್ನು ಬೆಳೆದದ್ದು ಹಿಮಾಚಲದ ಲಾಹೌಲ್‌ನಂಥ ಕಡೆ. ಪೆಲೆಟ್ ಅನ್ನೇ ತರಿಸಿಕೊಳ್ಳಿ, ಸೋಡಾ ಬೆರೆಸಿದ ಮೇಲೆ ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 100 ಗ್ರಾಂ ಪೊಟ್ಟಣದಿಂದ 50 ಲೀಟರ್ ಆಗುತ್ತದೆ.

ಕರಿಮೆಣಸುಬಳ್ಳಿ

ಹಾಗಾದರೆ ಹಬ್ಬಕ್ಕೆ ಧಾರಾಳವಾಯಿತು. ನಾಳೆಯೇ ಅರ್ಧ ಲೀಟರ್ ಮಾಡುತ್ತೇನೆ, ಅರ್ಧಕ್ಕೆ ಏಲಕ್ಕಿ ಹಾಕಿ, ಅರ್ಧ ಹಾಕದೆ. ಅಣ್ಣತಮ್ಮಂದಿರು ಗ್ಲಾಸು ಮುಂದೆ ಹಿಡಿದಾಗ ನನ್ನ ಕೈಯಲ್ಲೂ ಕಹಿಯಾದ ಒಂದು ಗ್ಲಾಸು ಇರಬೇಕು, ನನಗೆ ಅಷ್ಟೇ ಬೇಕಿತ್ತು.