ಗಾಡಿ ಓಡುವಾಗ ಕ್ಯಾಂಪರ್ ಒಳಗಿನ ಪವರ್ ಸ್ಟೇಷನ್ ಸರಿಯಾಗಿ ಚಾರ್ಜ್ ಆಗ್ತಿಲ್ಲ, ವೈರಿಂಗ್ ಹೇಗಿರಬೇಕು?

ಘಾಟಿಗಾಡಿ:
ಬಿಎಸ್6 ಡೀಸೆಲ್ ಗಾಡಿ, ಹಿಂದೆ ಎಳೆಯೋ ಕ್ಯಾಂಪರ್. ಅದರೊಳಗೆ 1000 ವ್ಯಾಟ್-ಅವರ್ ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ ದೊಡ್ಡ ಬ್ಯಾಟರಿ ಪೆಟ್ಟಿಗೆ), ಕಾರ್ ಇನ್‌ಪುಟ್ 12/24 ವೋಲ್ಟ್, 8 ಆಂಪ್. ಡಿಕ್ಕಿಯ 12 ವೋಲ್ಟ್ ಸಾಕೆಟ್‌ನಿಂದ 1.5 ಚದರ ಮಿ.ಮೀ. ವೈರ್, 7 ಮೀಟರ್. 90 ವ್ಯಾಟ್ ದಾಟಲ್ಲ. ಕುಶಾಲನಗರದಿಂದ ಮಡಿಕೇರಿಗೆ ಹತ್ತುವಾಗ ಆಗಾಗ ಸೊನ್ನೆಗೆ ಬೀಳುತ್ತೆ. ಮಳೆಗಾಲದಲ್ಲಿ, ಅದೂ ಕಾಫಿ ತೋಟದ ಮರಗಳ ಕೆಳಗೆ, ಸೋಲಾರ್ ನಂಬೋ ಹಾಗಿಲ್ಲ. ಏನು ಮಾಡ್ಬೇಕು?

ವಿರಾಜಪೇಟೆ ವೈರಿಂಗ್:
ಸ್ಟೇಷನ್‌ನಲ್ಲಿ ದೋಷ ಇಲ್ಲ ಸರ್. 7 ಮೀಟರ್ ಅಂದ್ರೆ ಹೋಗಿ ಬರೋದು ಸೇರಿ 14 ಮೀಟರ್ ತಾಮ್ರ. 1.5 ಚದರದಲ್ಲಿ ಸುಮಾರು 0.16 ಓಮ್. 8 ಆಂಪ್ ಹರಿದ್ರೆ 1.3 ವೋಲ್ಟ್ ದಾರೀಲೇ ಹೋಯ್ತು. ಸಾಕೆಟ್ಟಿನ ಸಡಿಲ ಸಂಪರ್ಕ ಇನ್ನೊಂದಿಷ್ಟು ತಿನ್ನುತ್ತೆ.

ಏರಿನಲ್ಲಿ ಸೊನ್ನೆ ಆಗೋಕೆ ಕಾರಣ ಬೇರೆ. ಹಲವು ಬಿಎಸ್6 ಗಾಡಿಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ ಇದೆ, ಅಂದ್ರೆ ಎಂಜಿನ್ ತಿರುಗಿಸೋ, ಬೇಕಾದ ಹಾಗೆ ವೋಲ್ಟೇಜ್ ಬದಲಿಸೋ ಜನರೇಟರ್. ಎಂಜಿನ್ ಮೇಲೆ ಭಾರ ಬಿದ್ದಾಗ ಅದು ವೋಲ್ಟೇಜ್ ಇಳಿಸುತ್ತೆ, ಇಳಿಜಾರಲ್ಲಿ ಕಾಲು ತೆಗೆದಾಗ ಏರಿಸುತ್ತೆ. 12.3ಕ್ಕೆ ಇಳಿದಾಗ ನಿಮ್ಮ ವೈರಿನ ಆ ತುದಿಗೆ 11ಕ್ಕಿಂತ ಕಮ್ಮಿ ತಲುಪಿ ಸ್ಟೇಷನ್ ಕೈಬಿಡುತ್ತೆ. ಲೋಡ್ ಹೋದ ಕೂಡ್ಲೇ ವೋಲ್ಟೇಜ್ ಮೇಲೆ ಬರುತ್ತೆ, ಮತ್ತೆ ಶುರು, ಮತ್ತೆ ಕಟ್.

ವೈರ್ ಎಷ್ಟೇ ದಪ್ಪ ಹಾಕಿದ್ರೂ 12 ವೋಲ್ಟ್‌ನಲ್ಲಿ 8 ಆಂಪ್ ಅಂದ್ರೆ 100 ವ್ಯಾಟ್ ಆಸುಪಾಸೇ. ಹಾಗಾಗಿ 12ರಿಂದ 24 ವೋಲ್ಟ್‌ಗೆ ಏರಿಸೋ 15 ಆಂಪ್ ಕನ್ವರ್ಟರ್ ತಗೊಳ್ಳಿ. ಅದೇ 8 ಆಂಪ್‌ಗೆ 190 ವ್ಯಾಟ್ ಸಿಗುತ್ತೆ. ಮೈಸೂರಿಂದ ಮಡಿಕೇರಿಗೆ ಮೂರು ಗಂಟೆ ಹಿಡಿದ್ರೆ ಅರ್ಧಕ್ಕಿಂತ ಹೆಚ್ಚು ತುಂಬುತ್ತೆ.

ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 30 ಆಂಪ್ ಫ್ಯೂಸ್, ಅಲ್ಲಿಂದ 40 ಆಂಪ್ ರಿಲೇ (ಸಣ್ಣ ಕರೆಂಟಿನಿಂದ ಆನ್ ಆಗೋ ಸ್ವಿಚ್), 6 ಚದರ ವೈರಿನಲ್ಲಿ ಕನ್ವರ್ಟರ್. ರಿಲೇಯ 86ನೇ ಪಿನ್ ಇಗ್ನಿಷನ್ ಲೈನಿಗೆ (ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರೋದು), 85ನೇ ಪಿನ್ ಬಾಡಿ ಅರ್ತಿಗೆ, ಅಂದ್ರೆ ಗಾಡಿಯ ಲೋಹದ ಮೈಗೆ. ವೋಲ್ಟೇಜ್ ನೋಡಿ ಆನ್ ಆಗೋ ರಿಲೇ ಬೇಡ, ಸ್ಮಾರ್ಟ್ ಆಲ್ಟರ್ನೇಟರ್ ಜೊತೆ ಅದು ಟಿಕ್ ಟಿಕ್ ಅಂತ ಆನ್-ಆಫ್ ಆಗ್ತಾನೇ ಇರುತ್ತೆ. ಕನ್ವರ್ಟರ್ ನೆಗೆಟಿವ್ ಅನ್ನು ಬ್ಯಾಟರಿ ಟರ್ಮಿನಲ್ಲಿಗೆ ಕಟ್ಟಬೇಡಿ, ಬಾಡಿ ಅರ್ತಿಗೆ ಕೊಡಿ. ಟರ್ಮಿನಲ್ ಮೇಲೆ ಕೂತಿರೋ ಸೆನ್ಸರ್ ಈ ಕರೆಂಟನ್ನೂ ಲೆಕ್ಕಕ್ಕೆ ತಗೋಬೇಕು.

ಘಾಟಿಗಾಡಿ:
ಕನ್ವರ್ಟರ್ ಕ್ಯಾಂಪರ್ ಒಳಗೇ ಇಟ್ರೆ ಆಗಲ್ವಾ? ಲೈಟಿನ 7 ಪಿನ್ ಪ್ಲಗ್ಗಲ್ಲೇ ಕರೆಂಟ್ ಕಳಿಸಬಹುದಲ್ವಾ?

ವಿರಾಜಪೇಟೆ ವೈರಿಂಗ್:
ಎರಡೂ ಬೇಡ. ಕನ್ವರ್ಟರ್ ಗಾಡಿ ಕಡೆ, ಸೀಟಿನ ಹಿಂದೆ ಗಾಳಿ ಆಡೋ ಜಾಗದಲ್ಲಿರಲಿ. ಉದ್ದದ ದಾರಿಯಲ್ಲಿ 24 ವೋಲ್ಟ್ 8 ಆಂಪ್ ಹರಿದ್ರೆ 4 ಚದರ ವೈರಿನಲ್ಲಿ ಅರ್ಧ ವೋಲ್ಟ್ ಮಾತ್ರ ನಷ್ಟ. ಕ್ಯಾಂಪರಲ್ಲಿಟ್ರೆ ಅದೇ ವೈರಿನಲ್ಲಿ 17 ಆಂಪ್, ಒಂದು ವೋಲ್ಟ್ ನಷ್ಟ, ಅದೂ 12ರಲ್ಲಿ. ಕನ್ವರ್ಟರ್ ಹೊರಬರೋ ಕಡೆ 15 ಆಂಪ್ ಫ್ಯೂಸ್ ಮರೀಬೇಡಿ. 7 ಪಿನ್ನಲ್ಲಿ ಅರ್ತ್ ಲೈಟುಗಳಿಗೂ ಒಂದೇ. ಅದರ ಮೇಲೆ ಲೋಡ್ ಬಿದ್ರೆ ಟೇಲ್ ಲ್ಯಾಂಪ್ ಮಂಕಾಗುತ್ತೆ, ಮಂಜಿನಲ್ಲಿ ಅದು ಜೀವಕ್ಕೇ ಅಪಾಯ.

ಮಳೆನಾಡು ಕ್ಯಾಂಪರ್:
ಕೊಂಡಿಯ ಹತ್ರ 50 ಆಂಪ್ ಆಂಡರ್ಸನ್ ಕನೆಕ್ಟರ್ (ಹೆಚ್ಚು ಕರೆಂಟ್ ತಾಳೋ ಪ್ಲಗ್) ಹಾಕಿ, ರಬ್ಬರ್ ಮುಚ್ಚಳದ್ದು, ಬಾಯಿ ಕೆಳಮುಖ ಇರಲಿ. ಕೊಡಗಿನ ಜುಲೈ ಮಳೆಗೆ ಚಕ್ರ ಎರಚೋ ನೀರು ನೇರ ಅಲ್ಲಿಗೇ ಬರುತ್ತೆ. ಕಾಂಟ್ಯಾಕ್ಟ್ ಮೇಲೆ ಹಸಿರು ಕಿಲುಬು ಕಂಡ್ರೆ ಉಜ್ಜಿ ತೆಗೆದು ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಸಂಪಾಜೆ ಘಾಟಿಯಂಥ ತಿರುವುಗಳಿಗೆ ವೈರ್ ಸ್ವಲ್ಪ ಸಡಿಲ ಬೇಕು. ಆದ್ರೆ ರಸ್ತೆಗೆ ತಾಗಬಾರದು. ಎರಡೂ ಕಡೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ನಿಧಾನಕ್ಕೆ ಓಡಿಸಿ ನೋಡಿ, ಆಮೇಲೆ ಕ್ಲಿಪ್ ಹಾಕಿ.

ಗಾಡಿಯಲ್ಲಿ ಇನ್ವರ್ಟರ್ ಇಟ್ಟು 230 ವೋಲ್ಟನ್ನು ಕೊಂಡಿ ದಾಟಿಸೋ ಯೋಚನೆ ಯಾರಿಗಾದ್ರೂ ಬಂದ್ರೆ ಖಂಡಿತ ಬೇಡ. ವೈರಿಂಗ್ ಆಗೋವರೆಗೆ ಸ್ಟೇಷನ್ ಅನ್ನೇ ಡಿಕ್ಕಿಯಲ್ಲಿಟ್ಟು ಓಡಿಸಿ, ಬಿಗಿಯಾಗಿ ಕಟ್ಟಿ. ಜೊತೆಗೆ ಬಂದಿರೋ ಗಿಡ್ಡ ವೈರ್ ಸಾಕು.

ವಿರಾಜಪೇಟೆ ವೈರಿಂಗ್:
ಕೆಲಸ ಮುಗಿದ ಮೇಲೆ ಚಾರ್ಜ್ ಆಗ್ತಿರುವಾಗಲೇ ಸ್ಟೇಷನ್ ತುದಿಯಲ್ಲಿ ಮಲ್ಟಿಮೀಟರ್ ಹಿಡೀರಿ. 23 ವೋಲ್ಟ್‌ಗಿಂತ ಮೇಲಿರಬೇಕು. ಕಮ್ಮಿ ಇದ್ರೆ ಹತ್ತು ನಿಮಿಷ ಬಿಟ್ಟು ಪ್ರತಿ ಜಾಯಿಂಟನ್ನೂ ಮುಟ್ಟಿ ನೋಡಿ, ಬಿಸಿಯಾಗಿರೋದನ್ನ ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ, ಅಂದ್ರೆ ಟರ್ಮಿನಲ್ಲನ್ನು ವೈರಿನ ಮೇಲೆ ಅದುಮಿ ಬಿಗಿ ಮಾಡಿ.